ಗೇಮ್ ಕಂಪೆನಿಯವರಿಗೆ ಉಡುಪಿಯ ಚಾವಡಿಯಿಂದ ಒಂದು ಪತ್ರ

ಕೈಕಾಲು ಆಡಿಸಿ ಆಡುವ ಸ್ಪೋರ್ಟ್ಸ್ ಗೇಮ್ ಮಾಡುವವರಿಗೆಲ್ಲ ಉಡುಪಿಯಿಂದ ನಮಸ್ಕಾರ.

ನಮ್ಮ ಮನೆಗೆ ಬಂದ ಗೇಮ್ ಯಾವುದು, ಮಾಡಿದ್ದು ಯಾರು ಅಂತ ಇಲ್ಲಿ ಹೇಳುವುದಿಲ್ಲ. ಮಾಡಿದವರಿಗೆ ಎರಡು ಪ್ಯಾರ ಓದುವಾಗಲೇ ಗೊತ್ತಾಗ್ತದೆ. ಉಳಿದವರು ಅಬ್ಬಾ ನಮ್ಮದಲ್ಲ ಅಂತ ಖುಷಿ ಪಡುವ ಹಾಗೂ ಇಲ್ಲ, ಯಾಕಂದ್ರೆ ಈ ಹುಳುಕು ಹೆಚ್ಚು ಕಮ್ಮಿ ಎಲ್ಲರ ಗೇಮಲ್ಲೂ ಉಂಟು.

ಮೊದಲು ನಮ್ಮ ಊರಿನ ಮಳೆ ವಿಷಯ ಸ್ವಲ್ಪ ಕೇಳಿ, ಇಲ್ಲದಿದ್ರೆ ನಾನು ಯಾಕೆ ಇಷ್ಟು ಬೊಬ್ಬೆ ಹೊಡೀತಿದ್ದೇನೆ ಅಂತ ನಿಮಗೆ ಅರ್ಥ ಆಗ್ಲಿಕ್ಕಿಲ್ಲ. ವರ್ಷಕ್ಕೆ 4,000 ಮಿಲಿಮೀಟರ್ ಮೀರಿ ಮಳೆ ಬೀಳುವ ಜಿಲ್ಲೆ ಇದು, ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜೂನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗೀತದೆ. ಜುಲೈಯಲ್ಲಿ ಮಕ್ಕಳು ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಕೇಳುವುದು ಒಂದೇ, ಡಿಸಿ ರಜೆ ಕೊಟ್ಟ್ರಾ ಅಂತ. ರಜೆ ಸಿಕ್ಕಿತು ಅಂತಿಟ್ಟುಕೊಳ್ಳಿ, ಅಂಗಳದಲ್ಲಿ ಮೊಣಕಾಲು ಮುಟ್ಟ ನೀರು, ಗದ್ದೆಯಲ್ಲಿ ನೇಜಿ, ಮೈದಾನ ಅಂದ್ರೆ ಕೆರೆ. ಆಡುವುದೆಲ್ಲಿ? ಹಾಗಾಗಿ ಮೊಬೈಲ್. ಅಕ್ಕನ ಮಕ್ಕಳು ಇಬ್ಬರೂ ಮೊಬೈಲ್ ಹಿಡಿದು ಬೆನ್ನು ಬಗ್ಗಿಸಿ ಕೂತದ್ದು ನೋಡಿ ನೋಡಿ ಮಂಡೆಬೆಚ್ಚ ಆಗಿ, ದುಬೈಯಲ್ಲಿರುವ ಭಾವನ ಹತ್ರ ನಾನೇ ಹೇಳಿ ತರಿಸಿದ್ದು ಈ ಗೇಮ್. ಕೂತು ಆಡುವುದಲ್ಲ, ನಿಂತು, ಕೈಯಲ್ಲಿ ಅದರ ರಿಮೋಟ್ ಹಿಡಿದು ಬೀಸಿ ಮೈ ಕುಣಿಸಿ ಆಡುವುದು, ಶಟಲ್ ಉಂಟು, ವಾಲಿಬಾಲ್ ಉಂಟು, ಟೆನಿಸ್, ಬೌಲಿಂಗ್ (ಕ್ರಿಕೆಟಿನದ್ದಲ್ಲ, ಬಾಲ್ ಉರುಳಿಸಿ ಪಿನ್ ಬೀಳಿಸುವುದು), ಫುಟ್‌ಬಾಲ್, ಬಾಕ್ಸಿಂಗ್ ಎಲ್ಲ ಒಂದೇ ಡಬ್ಬದಲ್ಲಿ. ಮಳೆಗಾಲಕ್ಕೆ ಇದಕ್ಕಿಂತ ಒಳ್ಳೇದು ಬೇಕಾ ಅಂತ ಮನೆಯವರಿಗೆಲ್ಲ ದೊಡ್ಡ ಭಾಷಣ ಬಿಗಿದವಳು ನಾನೇ. ಈಗ ಅದೇ ಭಾಷಣವನ್ನು ಅಕ್ಕ ನನಗೆ ವಾಪಸ್ ಬಿಗೀತಾಳೆ.

ಮೊದಲ ದಿನ ಗಮ್ಮತ್ತೋ ಗಮ್ಮತ್ತು, ಅದನ್ನು ಇಲ್ಲ ಅನ್ನುವುದಿಲ್ಲ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೌಲಿಂಗ್ ಮಾಡಿದ್ದೇನು, ಎಲ್ಲ ಪಿನ್ ಒಟ್ಟಿಗೆ ಉರುಳಿ ಸ್ಟ್ರೈಕ್ ಬಿದ್ದಾಗ ಪಕ್ಕದ ಮನೆಯವರು ಎಂತ ಆಯ್ತು ಅಂತ ಬಂದು ನೋಡಿದ್ದೇನು. ಎರಡನೇ ದಿನ ಅಪ್ಪ ಬಂದ್ರು. ಎಡವಟ್ಟು ಅಲ್ಲಿಂದ ಶುರು.

ಅಪ್ಪನ ಬಗ್ಗೆ ಎರಡು ಮಾತು. ಈಗ 68 ವಯಸ್ಸು. ಒಂದು ಕಾಲದಲ್ಲಿ ಕೊಯ್ಲು ಮುಗಿದ ಗದ್ದೆಯಲ್ಲಿ ನೆಟ್ ಕಟ್ಟಿ, ಸುತ್ತ ಟ್ಯೂಬ್‌ಲೈಟ್ ಹಾಕಿ ಬೆಳಿಗ್ಗೆವರೆಗೆ ನಡೀತಿದ್ದ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟಗಳಲ್ಲಿ ಊರಿನ ಟೀಮಿಗೆ ಸ್ಮ್ಯಾಶರ್ ಆಗಿದ್ದವರು. ಬಾಲ್ ಬಿಟ್ಟು ಮೂವತ್ತು ವರ್ಷ ಆದ್ರೂ ಕೈ ಎತ್ತಿದ ಕೂಡ್ಲೇ ಭುಜ ಹಿಂದೆ ಹೋಗುವ ರೀತಿ ನೋಡಿದ್ರೆ ಗೊತ್ತಾಗ್ತದೆ, ಇದು ಸುಮ್ಮನೆ ಕೈ ಅಲ್ಲ ಅಂತ. ಅವರು ರಿಮೋಟ್ ಹಿಡಿದು, ಲುಂಗಿ ಎತ್ತಿ ಕಟ್ಟಿ, ಎರಡು ಹೆಜ್ಜೆ ಓಡಿ, ಹಾರಿ ಹೊಡೆದ್ರು. ಸ್ಕ್ರೀನಿನಲ್ಲಿ ಅವರ ಗೊಂಬೆ ಸುಮ್ಮನೆ ನಿಂತಿತ್ತು, ಬಾಲ್ ಪಕ್ಕದಲ್ಲಿ ಬಿತ್ತು. ಬೇಗ ಆಯ್ತು ಅಂತ ತೋರಿಸ್ತು. ಪುನಃ ಹೊಡೆದ್ರು, ತಡ ಆಯ್ತು ಅಂತು. ಆಚೆ ಕಡೆ ಒಂಬತ್ತು ವರ್ಷದ ಮೊಮ್ಮಗ ಕುರ್ಚಿಯಲ್ಲಿ ಕಾಲು ಮೇಲೆ ಕಾಲು ಹಾಕಿ, ಒಂದು ಕೈಯಲ್ಲಿ ಹಲಸಿನ ಹಪ್ಪಳ, ಇನ್ನೊಂದು ಕೈಯಲ್ಲಿ ರಿಮೋಟ್, ಮಣಿಕಟ್ಟು ಒಂಚೂರು ಟಕ್ ಅಂತ ತಿರುಗಿಸ್ತಾನೆ, ಅವನ ಗೊಂಬೆ ಆಕಾಶಕ್ಕೆ ಹಾರಿ ರಪಕ್ಕ ಅಂತ ಬಾರಿಸ್ತದೆ. ಹದಿನೈದು ನಿಮಿಷದಲ್ಲಿ ಅಪ್ಪ ಮೂರು ಮ್ಯಾಚ್ ಸೋತ್ರು.

"ಅಜ್ಜ, ಅಷ್ಟೆಲ್ಲ ಹಾರ್ಬೇಡಿ, ಹೀಗೆ ಅಲ್ಲಾಡಿಸಿದ್ರೆ ಸಾಕು" ಅಂತ ಮೊಮ್ಮಗ ಹೇಳಿಕೊಟ್ಟ.

ಅಪ್ಪ ರಿಮೋಟ್ ಟೀಪಾಯಿ ಮೇಲೆ ಇಟ್ಟು "ಇದು ವಾಲಿಬಾಲ್ ಅಲ್ಲ ಮಗಾ, ನೊಣ ಓಡಿಸುವುದು" ಅಂದು ಪೇಪರ್ ಓದ್ಲಿಕ್ಕೆ ಹೋದ್ರು. ಅದರ ನಂತರ ಅವರು ಮುಟ್ಲಿಲ್ಲ.

ಸೋತದ್ದಕ್ಕೆ ಈ ಪತ್ರ ಅಲ್ಲ ಆಯ್ತಾ, ಗೇಮಲ್ಲಿ ಸೋಲು ಗೆಲುವು ಇದ್ದದ್ದೇ. ಗೊತ್ತಿದ್ದವನಿಗೆ ಗೊತ್ತಿದ್ದದ್ದೇ ತೊಂದರೆ ಆಗುವ ಹಾಗೆ ಮಾಡಿಟ್ಟಿದ್ದೀರಲ್ಲ, ನನ್ನ ಹೊಟ್ಟೆ ಉರಿಯುವುದು ಅಲ್ಲಿ. ನಾನು ಇಲ್ಲಿಯ ಅಜ್ಜರಕಾಡು ಸ್ಟೇಡಿಯಮಿನಲ್ಲಿ ಆರೇಳು ವರ್ಷ ಶಟಲ್ ಆಡಿದವಳು, ನನ್ನದೂ ಅದೇ ಅವಸ್ಥೆ. ಡ್ರಾಪ್, ಅಂದ್ರೆ ನೆಟ್ಟಿನ ಹತ್ರವೇ ಬೀಳುವ ಹಾಗೆ ಮೆತ್ತಗೆ ಹೊಡೆಯುವುದು, ಅದನ್ನು ಹಾಕುವಾಗ ಕೈ ಸ್ಮ್ಯಾಶಿಗೆ ಬಂದ ಹಾಗೆಯೇ ಬಂದು ಕೊನೆಗೆ ಮೆತ್ತಗೆ ಆಗ್ಬೇಕು, ಎದುರಿನವರಿಗೆ ಮೋಸ ಆಗುವುದೇ ಅದರಿಂದ. ನಿಮ್ಮ ಗೇಮಿಗೆ ಈ ಮೆತ್ತಗೆ ಅನ್ನುವುದು ಗೊತ್ತೇ ಇಲ್ಲ. ಕೈ ಜೋರಾಗಿ ಬಂತಾ, ಸ್ಮ್ಯಾಶ್. ಡ್ರಾಪಿಗೆ ಬೇರೆ ಬಟನ್ ಒತ್ಬೇಕಂತೆ. ಬಟನ್ ಒತ್ತುವುದಾದ್ರೆ ನಾನು ಎದ್ದು ನಿಂತದ್ದು ಯಾಕೆ? 2023ರಲ್ಲಿ ನಮ್ಮ ದೇಶದ ಶಟಲ್ ಆಟಗಾರ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಗಂಟೆಗೆ 565 ಕಿಲೋಮೀಟರ್ ಸ್ಪೀಡಿನ ಸ್ಮ್ಯಾಶ್ ಹೊಡೆದು ಗಿನ್ನೆಸ್ ದಾಖಲೆ ಮಾಡಿದ್ರು, ಅವರೇ ಬಂದು ನಮ್ಮ ಚಾವಡಿಯಲ್ಲಿ ನಿಂತು ಹೊಡೆದ್ರೂ ಹಪ್ಪಳ ತಿನ್ನುವ ಈ ಹುಡುಗನ ಟಕ್ಕಿಗೂ ಅವರ ಹೊಡೆತಕ್ಕೂ ನಿಮ್ಮಲ್ಲಿ ಒಂದೇ ರೇಟು.

ಇದು ಯಾಕೆ ಹೀಗೆ ಅಂತ ನಾನು ಕೂತು ಸ್ವಲ್ಪ ಓದಿದೆ, ಪೊಕ್ಕಡೆ ಬೈಯುವುದು ಸರಿಯಲ್ಲ ಅಂತ. ರಿಮೋಟಿನ ಒಳಗೆ ಇರುವುದು ಮುಖ್ಯವಾಗಿ ಎರಡು ಸೆನ್ಸರ್. ಆಕ್ಸೆಲೆರೊಮೀಟರ್ ಅಂತ ಒಂದು, ವೇಗ ಹೇಗೆ ಹೆಚ್ಚು ಕಮ್ಮಿ ಆಗ್ತದೆ ಅಂತ ಅಳೆಯುವುದು, ಅದರ ಜೊತೆ ಭೂಮಿ ಎಳೆಯುವ ಬಲವೂ ಸೇರಿಯೇ ಬರ್ತದೆ. ಇನ್ನೊಂದು ಜೈರೋಸ್ಕೋಪ್, ಎಷ್ಟು ಬೇಗ ತಿರುಗಿತು ಅಂತ ಅಳೆಯುವುದು. ಆದ್ರೆ ಕೈ ಈಗ ರೂಮಿನಲ್ಲಿ ಎಲ್ಲಿ ಉಂಟು, ತಲೆ ಮೇಲಾ, ಸೊಂಟದ ಹತ್ರವಾ, ಇದನ್ನು ಎರಡೂ ನೇರವಾಗಿ ಹೇಳುವುದಿಲ್ಲ. ಮಂಗಳೂರಿಂದ ಉಡುಪಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತ ಹಾಗೆ ಅದು. ಬ್ರೇಕ್ ಹಾಕಿದ್ದು ಗೊತ್ತಾಗ್ತದೆ, ಓವರ್‌ಟೇಕಿಗೆ ಎಳೆದದ್ದು ಗೊತ್ತಾಗ್ತದೆ, ತಿರುಗಿದ್ದು ಗೊತ್ತಾಗ್ತದೆ, ಆದ್ರೆ ಈಗ ಮೂಲ್ಕಿಯಾ ಪಡುಬಿದ್ರಿಯಾ ಅಂತ ಕೇಳಿದ್ರೆ ಅಂದಾಜಲ್ಲೇ ಹೇಳ್ಬೇಕು, ಸುರತ್ಕಲ್ಲಿನಲ್ಲಿ ಒಂಚೂರು ತಪ್ಪಿದ ಲೆಕ್ಕ ಕಾಪು ಮುಟ್ಟುವಾಗ ಎರಡು ಸ್ಟಾಪಿನಷ್ಟು ತಪ್ಪಾಗಿರ್ತದೆ. ಸೆನ್ಸರಿನ ಲೆಕ್ಕವೂ ಹಾಗೆಯೇ, ವೇಗದ ಬದಲಾವಣೆಯಿಂದ ವೇಗ, ವೇಗದಿಂದ ಜಾಗ ಅಂತ ಎರಡೆರಡು ಸಲ ಕೂಡಿಸುವಾಗ ಸಣ್ಣ ತಪ್ಪು ಸೆಕೆಂಡುಗಳಲ್ಲೇ ದೊಡ್ಡದಾಗ್ತದೆ. ಹಾಗಾಗಿ ಗೇಮಿನವರು ಆ ತಲೆನೋವೇ ಬೇಡ ಅಂತ, ಜೋರಾಗಿ ಒಂದು ಜರ್ಕ್ ಬಂದ್ರೆ ಹೊಡೆತ ಅಂತ ಲೆಕ್ಕ ಹಾಕಿಬಿಡ್ತಾರೆ. ಮಣಿಕಟ್ಟಿನ ಟಕ್ಕಿನಲ್ಲಿ ಆ ಜರ್ಕ್ ಚಂದ ಸಿಗ್ತದೆ. ಅಪ್ಪನ ಹಾಗೆ ಭುಜದಿಂದ ಉದ್ದಕ್ಕೆ ಬಂದ ಹೊಡೆತದಲ್ಲಿ ಶುರು ಯಾವುದು ಕೊನೆ ಯಾವುದು ಅಂತ ಅದಕ್ಕೇ ಗೊಂದಲ, ಕೈ ಹಿಂದೆ ಎಳೆದದ್ದನ್ನೇ ಹೊಡೆತ ಅಂತ ತಿಳ್ಕೊಂಡು ಬೇಗ ಆಯ್ತು ಅಂತದೆ. ನನಗೆ ಅನ್ಸುವುದು ಇಷ್ಟು, ನಿಮ್ಮಲ್ಲಿ ಇಂಜಿನಿಯರ್‌ಗಳು ಇದ್ದಾರಲ್ಲ, ಸರಿ ಅಲ್ವಾ ಹೇಳ್ಲಿ.

ಸೆನ್ಸರೇ ಅಷ್ಟು, ನಾವೇನು ಮಾಡ್ಲಿ ಅಂತ ಮಾತ್ರ ಹೇಳ್ಬೇಡಿ. 2006ರಲ್ಲಿ ಜಪಾನಿನ ನಿಂಟೆಂಡೊ ಕಂಪೆನಿಯವರ ವೀ ಅಂತ ಗೇಮ್ ಕನ್ಸೋಲ್, ಅಂದ್ರೆ ಟಿವಿಗೆ ಸಿಕ್ಕಿಸಿ ಆಡುವ ಯಂತ್ರ, ಬಂದಾಗ ಆ ಮಾತು ನಡೀತಿತ್ತು. ವೀ ಸ್ಪೋರ್ಟ್ಸ್ ಅಂತ ಟೆನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಬಾಕ್ಸಿಂಗ್ ಐದೇ ಆಟ, ಜಪಾನಿನಲ್ಲಿ ಬೇರೆಯಾಗಿ ಮಾರಿದ್ರು, ಅಮೆರಿಕ ಯುರೋಪಿನಲ್ಲಿ ಕನ್ಸೋಲ್ ಜೊತೆಗೇ ಕೊಟ್ರು, 8 ಕೋಟಿಗಿಂತ ಹೆಚ್ಚು ಪ್ರತಿ ಜನರ ಕೈಗೆ ಹೋಯ್ತು. ಆ ರಿಮೋಟಿನಲ್ಲಿ ಜೈರೋಸ್ಕೋಪ್ ಇರ್ಲೇ ಇಲ್ಲ. ಟಿವಿ ಮೇಲೆ ಇಡುವ ಪಟ್ಟಿಗೆ ಸೆನ್ಸರ್ ಬಾರ್ ಅಂತ ಹೆಸರು, ಅದರಲ್ಲಿ ಸೆನ್ಸರೂ ಇಲ್ಲ ಮಣ್ಣಾಂಗಟ್ಟಿಯೂ ಇಲ್ಲ, ಬರೀ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪ, ನೋಡುವ ಕ್ಯಾಮೆರಾ ರಿಮೋಟಿನ ಮೂತಿಯಲ್ಲಿ. ಜನ ಬೀಸಿದ ರಭಸಕ್ಕೆ ಕೈಗೆ ಕಟ್ಟುವ ದಾರ ತುಂಡಾಗಿ ರಿಮೋಟ್ ಹಾರಿ ಹೋಗಿ, ಅದೇ ವರ್ಷ ಡಿಸೆಂಬರಿನಲ್ಲಿ ಲಕ್ಷಗಟ್ಟಲೆ ದಾರ ಬದಲಿಸಿ ಕೊಡುವ ಹಾಗಾಯ್ತು. 2009ರಲ್ಲಿ ಮೋಷನ್‌ಪ್ಲಸ್ ಅಂತ ಜೈರೋಸ್ಕೋಪ್ ಇರುವ ಒಂದು ತುಂಡು ರಿಮೋಟಿನ ಬುಡಕ್ಕೆ ಸಿಕ್ಕಿಸುವುದಕ್ಕೆ ಬಂತು, ಅದರ ಜೊತೆ ವೀ ಸ್ಪೋರ್ಟ್ಸ್ ರೆಸಾರ್ಟ್, 12 ಆಟ. ಅದರಲ್ಲಿ ಕತ್ತಿ ಹಿಡಿದು ಕೈ ಓರೆ ಮಾಡಿದ್ರೆ ಸ್ಕ್ರೀನಿನಲ್ಲಿ ಕತ್ತಿಯೂ ಓರೆ, ಟೇಬಲ್ ಟೆನಿಸಿನಲ್ಲಿ ಬ್ಯಾಟ್ ಸ್ವಲ್ಪ ಮಲಗಿಸಿದ್ರೆ ಬಾಲ್ ಸ್ಪಿನ್. 2010ರಲ್ಲಿ ಸೋನಿಯವರ ಪ್ಲೇಸ್ಟೇಷನ್ ಮೂವ್ ಅಂತ ರಿಮೋಟ್ ಬಂತು, ತುದಿಯಲ್ಲಿ ಹೊಳೆಯುವ ಒಂದು ಉಂಡೆ, ಕ್ಯಾಮೆರಾ ಆ ಉಂಡೆಯ ಗಾತ್ರ ನೋಡಿಯೇ ಕೈ ಎಷ್ಟು ದೂರ ಅಂತ ಲೆಕ್ಕ ಹಾಕ್ತಿತ್ತು, ಎಂತ ಬುದ್ಧಿ ನೋಡಿ. ಇಷ್ಟೆಲ್ಲ ಹದಿನೈದು ವರ್ಷದ ಹಿಂದೆಯೇ ಆದದ್ದು ಮಾರಾಯ್ರೆ. ಆಮೇಲೆ ಸೆನ್ಸರ್ ಇನ್ನೂ ಸಣ್ಣದಾಯ್ತು, ಅಗ್ಗ ಆಯ್ತು, ಎಲ್ಲರ ಮೊಬೈಲಿನೊಳಗೆ ಕೂತಿತು, ನೀವು ಮಾತ್ರ ಪುನಃ ಟಕ್ ಅನ್ನುವಲ್ಲಿಗೇ ವಾಪಸ್ ಬಂದಿದ್ದೀರಿ.

ಯಾಕೆ ಬಂದ್ರಿ ಅಂತಲೂ ಅಂದಾಜಾಗ್ತದೆ. ಟಕ್ ಅಂದ್ರೆ ಸಾಕು ಅಂತ ಇದ್ದದ್ದರಿಂದಲೇ ನಮ್ಮ ಅಮ್ಮ ಮೊದಲ ದಿನ ಗೆದ್ದದ್ದು, ಯಾರಿಗೂ ಕಲಿಸಿಕೊಡ್ಲಿಕ್ಕಿಲ್ಲ, ಮಗುವೂ ಆಡ್ತದೆ ಅಜ್ಜಿಯೂ ಆಡ್ತಾರೆ, ಮನೆಗೆ ನೆಂಟರು ಬಂದಾಗ ಲಾಯ್ಕ ಆಗ್ತದೆ. ಇರ್ಲಿ, ಅದು ಬೇಕು. ಆದ್ರೆ ಹತ್ತನೇ ದಿನವೂ ಅದೇ ಟಕ್ಕಾ? ಮೊದಲ ದಿನ ಆಡಿದವನಿಗೂ ತಿಂಗಳು ಆಡಿದವನಿಗೂ ವ್ಯತ್ಯಾಸ ಟೈಮಿಂಗಿನಲ್ಲಿ ಮಾತ್ರ. ಎಲ್ಲಿ ನಿಲ್ಬೇಕು, ಯಾವ ಮೂಲೆಗೆ ಹಾಕ್ಬೇಕು ಅಂತ ನಮ್ಮ ಕೈಯಲ್ಲಿ ಇಲ್ಲ, ಟೆನಿಸಿನಲ್ಲಿ ಗೊಂಬೆ ತಾನೇ ಓಡಿ ಬಾಲಿನ ಹತ್ರ ಹೋಗ್ತದೆ, ನಾವು ಬರೀ ಬೀಸುವುದು. ಓಡುವುದು ಅದು, ಬೆವರುವುದು ನಾನು. ಒಳಗೆ ಎಲ್ಲೋ ಒಂದು ಕಷ್ಟದ ಮೋಡ್ ಇಡಿ, ಕೈ ಪೂರ್ತಿ ಬಂದ್ರೆ ಮಾತ್ರ ಪೂರ್ತಿ ಹೊಡೆತ, ಬ್ಯಾಟ್ ಮಲಗಿಸಿದ್ರೆ ಡ್ರಾಪ್ ಅಂತ. ಬೇಡದವರು ಮುಟ್ಟುವುದಿಲ್ಲ. ಅಪ್ಪನಂಥವರು ಅದನ್ನೇ ಹುಡುಕ್ತಾರೆ.

ಬೌಲಿಂಗ್ ಒಂದು ಮಾತ್ರ ಸರಿ ಉಂಟು, ಅದನ್ನು ಹೇಳದಿದ್ರೆ ತಪ್ಪಾಗ್ತದೆ. ಅಮ್ಮ ಕೈ ತಿರುಗಿಸಿ ಬಿಟ್ಟ್ರೆ ಬಾಲ್ ಸಹ ಬಾಗಿಯೇ ಹೋಗ್ತದೆ, ನೇರ ಬಿಟ್ಟ್ರೆ ನೇರ. ಅಮ್ಮ ಈಗಲೂ ಮಧ್ಯಾಹ್ನ ಊಟ ಆಗಿ ಒಂದು ರೌಂಡ್ ಹಾಕ್ತಾರೆ. ಅಲ್ಲಿ ಮಾಡ್ಲಿಕ್ಕೆ ಆದದ್ದು ಬೇರೆ ಕಡೆ ಯಾಕೆ ಆಗುವುದಿಲ್ಲ?

ಜಾಗದ ವಿಷಯಕ್ಕೆ ಬನ್ನಿ. ಡಬ್ಬದ ಮೇಲೆ ಹಾಕಿದ ಫೋಟೋದಲ್ಲಿ ಒಂದು ಹಾಲ್, ಅದರಲ್ಲಿ ಸೋಫಾ ಇನ್ನೊಂದು ತಾಲೂಕಿನಲ್ಲಿ ಇದ್ದ ಹಾಗೆ ದೂರ ಉಂಟು, ಮೇಲೆ ಫ್ಯಾನೇ ಇಲ್ಲ. ನಮ್ಮದು ಹಳೇ ಹಂಚಿನ ಮನೆ, ಚಾವಡಿಗೆ ಮರದ ಮುಚ್ಚಿಗೆ, ಅದರಿಂದ ಫ್ಯಾನ್ ಇಳಿಬಿಟ್ಟಿದೆ, ಐದೂಮುಕ್ಕಾಲು ಅಡಿಯ ಮನುಷ್ಯ ಕೈ ಎತ್ತಿ ಹಾರಿದ್ರೆ ಫ್ಯಾನಿನ ರೆಕ್ಕೆಗೆ ಸೀದಾ. ಅಪ್ಪ ಮೂರನೇ ಮ್ಯಾಚಲ್ಲಿ ಕೂದಲೆಳೆಯಲ್ಲಿ ತಪ್ಪಿಸಿಕೊಂಡದ್ದು. ಅದರಿಂದ ನಮ್ಮಲ್ಲೊಂದು ನಿಯಮ, ಗೇಮ್ ಆನ್ ಮಾಡುವ ಮೊದಲು ಫ್ಯಾನ್ ಆಫ್. ಜುಲೈ ತಿಂಗಳ ಸೆಕೆಯಲ್ಲಿ, ಕಿಟಕಿ ತೆಗೆದ್ರೆ ಇರಚಲು ಒಳಗೆ, ಹಾಕಿದ್ರೆ ಉಸಿರು ಕಟ್ತದೆ, ಅದರಲ್ಲಿ ಫ್ಯಾನಿಲ್ಲದೆ ಬಾಕ್ಸಿಂಗ್ ಮಾಡಿ ನೋಡಿ ಒಂದ್ಸಲ. ಕೆಳಗೆ ಕಾವಿ ನೆಲ, ಮಳೆಗಾಲದ ಥಂಡಿಗೆ ಬೆವರಿದ ಹಾಗೆ ನೀರಾಡ್ತದೆ, ಜಾರಿದ್ರೆ ಮತ್ತೆ ಆಸ್ಪತ್ರೆಗೇ. ನಿಮ್ಮ ಎಚ್ಚರಿಕೆ ಚೀಟಿಯಲ್ಲಿ ಸುತ್ತ ಜಾಗ ಇರ್ಲಿ ಅಂತ ಉಂಟು, ಮೇಲೆ ನೋಡಿ ಅಂತ ದೊಡ್ಡ ಅಕ್ಷರದಲ್ಲಿ ಇಲ್ಲ. ಫ್ಯಾನ್ ಇರುವ ಮನೆ ಇಡೀ ಇಂಡಿಯಾದಲ್ಲಿ ಎಷ್ಟಿರಬಹುದು ಅಂತ ಸ್ವಲ್ಪ ಯೋಚಿಸಿ.

ಕ್ಯಾಮೆರಾ ಇಟ್ಟು ಮೈಯನ್ನೇ ನೋಡುವ ಗೇಮ್ ಇದಕ್ಕಿಂತ ಒಳ್ಳೇದು ಅಂತ ಯಾರಾದ್ರೂ ಹೇಳಬಹುದು. ಅದನ್ನೂ ನೋಡಿದ್ದೇನೆ, ಮಣಿಪಾಲದಲ್ಲಿ ಒಬ್ಬ ಫ್ರೆಂಡ್ ಮನೆಯಲ್ಲಿ ಹಳೇ ಒಂದು ಇತ್ತು. ಟಿವಿಯಿಂದ ಆರು ಅಡಿ ಹಿಂದೆ ಹೋಗ್ಬೇಕು, ಇಬ್ಬರಾದ್ರೆ ಎಂಟು ಅಡಿ, ಅವಳ ಹಾಲಿನಲ್ಲಿ ಎಂಟು ಅಡಿ ಹಿಂದೆ ಹೋದ್ರೆ ಅಡುಗೆಮನೆಯಲ್ಲಿ ಇರ್ತೇವೆ. ಅದು ಬಿಡಿ, ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದು ಎಲ್ಲಿ, ಹಾಲಿನಲ್ಲೇ ಹಗ್ಗ ಕಟ್ಟಿ. ಗಾಳಿಗೆ ಅಲ್ಲಾಡ್ತಾ ಇದ್ದ ಅವಳ ಗಂಡನ ಅಂಗಿಯನ್ನು ಅದು ಎರಡನೇ ಆಟಗಾರ ಅಂತ ಹಿಡಿದು, ಅಂಗಿ ನನ್ನೆದುರು ಬಾಕ್ಸಿಂಗಿಗೆ ನಿಂತಿತು. ಅಂಗಿ ಎರಡು ರೌಂಡ್ ಗೆದ್ದಿತು ಅನ್ನುವುದು ಬೇರೆ ವಿಷಯ.

ನಾನು ಎಡಗೈಯವಳು. ಇದು ನಿಮಗೆ ದೊಡ್ಡ ಅಪರಾಧವಾ ಅಂತ ಕೇಳ್ಬೇಕಾಗಿದೆ. ಒಂದೊಂದು ಆಟಕ್ಕೆ ಹೋಗುವಾಗಲೂ ಬಲಗೈಯಾ ಎಡಗೈಯಾ ಅಂತ ಪುನಃ ಪುನಃ ಸೆಟ್ ಮಾಡ್ಬೇಕು, ಮರೆತ್ರೆ ಗೊಂಬೆ ಬಲಗೈಯಲ್ಲಿ ಬ್ಯಾಟ್ ಹಿಡಿದು ನಾನು ಎಡಗೈಯಲ್ಲಿ ಬೀಸಿ, ಫೋರ್‌ಹ್ಯಾಂಡ್ ಎಲ್ಲ ಬ್ಯಾಕ್‌ಹ್ಯಾಂಡ್. ಒಂದು ಸಲ ಹೇಳಿದ್ದನ್ನು ನೆನಪಿಟ್ಟುಕೊಳ್ಳಲಿಕ್ಕೆ ಎಂತ ದಾಡಿ?

ಟಿವಿಯ ಲ್ಯಾಗ್ ಇನ್ನೊಂದು. ಈಗಿನ ಟಿವಿಗಳು ಚಿತ್ರ ಚಂದ ಮಾಡ್ಲಿಕ್ಕೆ ಅಂತ ಪ್ರತಿ ಫ್ರೇಮನ್ನೂ ಒಳಗೆ ಸ್ವಲ್ಪ ತಿದ್ದಿ ತೋರಿಸುವುದು, ಅದರಿಂದ ಚಿತ್ರ ಒಂದು ಚೂರು ತಡ ಆಗಿ ಬರ್ತದೆ. ಸಿನಿಮಾಕ್ಕೆ ಗೊತ್ತಾಗುವುದಿಲ್ಲ, ಟೈಮಿಂಗೇ ಎಲ್ಲ ಅನ್ನುವ ಗೇಮಿಗೆ ಅದೇ ಸಾವು. ಎರಡು ವಾರ ಒದ್ದಾಡಿದ ಮೇಲೆ ಅಕ್ಕನ ಮಗಳು ಟಿವಿ ಸೆಟ್ಟಿಂಗಿನಲ್ಲಿ ಗೇಮ್ ಮೋಡ್ ಅಂತ ಒಂದು ಉಂಟು ಅಂತ ಕಂಡುಹಿಡಿದ್ಲು, ಹಾಕಿದ ಮೇಲೆ ಅರ್ಧ ಸರಿ ಆಯ್ತು. ಗೇಮ್ ಶುರುವಾಗುವಾಗ ಒಂದು ಬಾಲ್ ಪುಟಿಸಿ, ಈಗ ಹೊಡೀರಿ ಅಂತ ನಾಲ್ಕು ಸಲ ಟೆಸ್ಟ್ ಮಾಡಿಸಿ, ಟಿವಿ ಎಷ್ಟು ತಡ ಅಂತ ನೀವೇ ಲೆಕ್ಕ ಹಿಡಿಯಬಹುದಿತ್ತಲ್ಲ? ಅಪ್ಪನಿಗೆ ತಡ ಆಯ್ತು ತಡ ಆಯ್ತು ಅಂತ ಹೇಳಿದ್ದರಲ್ಲಿ ಎಷ್ಟು ತಡ ಟಿವಿಯದ್ದು ಅಂತ ಈಗ ಲೆಕ್ಕ ತೆಗೆಯುವುದು ಹೇಗೆ, ಅವರಂತೂ ಪುನಃ ಆಡ್ಲಿಕ್ಕೆ ತಯಾರಿಲ್ಲ.

ಟೊಪ್ಪಿಯದ್ದು ಇನ್ನೊಂದು ಕಥೆ. ಆಡಿ ಗೆದ್ರೆ ಗೊಂಬೆಗೆ ಹೊಸ ಟೊಪ್ಪಿ, ಕನ್ನಡಕ, ಬಣ್ಣದ ಬ್ಯಾಟ್ ಸಿಗ್ತದೆ, ಮಕ್ಕಳಿಗೆ ಅದೇ ಆಸೆ. ಆದ್ರೆ ಮನೆಯವರ ಜೊತೆ ಆಡಿದ್ರೆ ಎಂತದೂ ಇಲ್ಲ, ನೆಟ್ಟಲ್ಲಿ ಯಾರದ್ದೋ ಜೊತೆ ಆಡಿದ್ರೆ ಮಾತ್ರ ಪಾಯಿಂಟು, ನೆಟ್ಟಲ್ಲಿ ಆಡ್ಲಿಕ್ಕೆ ತಿಂಗಳ ಚಂದಾ ಕಟ್ಬೇಕು, ಚಂದಾ ಕಟ್ಲಿಕ್ಕೆ ಹೋದ್ರೆ ದೇಶದ ಪಟ್ಟಿಯಲ್ಲಿ ಇಂಡಿಯಾವೇ ಇಲ್ಲ. ಕೊನೆಗೆ ಭಾವನ ದುಬೈ ಕಾರ್ಡಿನಲ್ಲಿ ಕಟ್ಟಿದ್ದು. ಕಟ್ಟಿದ ವಾರವೇ ಗಾಳಿಗೆ ತೆಂಗಿನ ಮರ ಲೈನಿನ ಮೇಲೆ ಬಿದ್ದು ನಾಲ್ಕು ದಿನ ನೆಟ್ ಇಲ್ಲ, ಆ ವಾರದ ಟೊಪ್ಪಿ ಆ ವಾರವೇ ಹೋಯ್ತು, ಇನ್ನು ಸಿಗುವುದಿಲ್ಲವಂತೆ. ಮಳೆ ಬಂದದ್ದಕ್ಕೆ ಗೇಮ್ ತಂದದ್ದು, ಮಳೆ ಬಂದದ್ದಕ್ಕೇ ಗೇಮಿನ ಅರ್ಧ ಬಂದ್. ಅಣ್ಣ ತಂಗಿ ಒಂದೇ ಚಾವಡಿಯಲ್ಲಿ ಜಗಳ ಮಾಡಿಕೊಂಡು ಆಡಿದ ಆಟಕ್ಕೆ ಮೂರು ಕಾಸಿನ ಟೊಪ್ಪಿ ಕೊಟ್ರೆ ನಿಮ್ಮ ಗಂಟು ಎಷ್ಟು ಕರಗ್ತದೆ?

ಬಾಕಿ ಸಣ್ಣ ಪುಟ್ಟದ್ದು ಬಿಟ್ಟೆ. ಇದರಿಂದ ವ್ಯಾಯಾಮ ಆಗ್ತದೆ ಅಂತ ಜಾಹೀರಾತು ಮಾಡುವವರಿಗೆ ಮಾತ್ರ ಒಂದು ಮಾತು. 2007ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಹದಿಹರೆಯದ ಮಕ್ಕಳನ್ನು ಆಡಿಸಿ ನೋಡಿದ ಒಂದು ಅಧ್ಯಯನ ಬಂದಿತ್ತು, ಕೂತು ಆಡುವ ಗೇಮಿಗಿಂತ ಇದರಲ್ಲಿ ಮೈ ಹೆಚ್ಚು ದಣಿಯುವುದು ನಿಜ, ಆದ್ರೆ ಅದೇ ಆಟವನ್ನು ನಿಜವಾಗಿ ಆಡಿದಷ್ಟು ಇಲ್ಲ ಅಂತ. ಕುರ್ಚಿಯಲ್ಲಿ ಕೂತು ಟಕ್ ಅನ್ನುವವನನ್ನು ಅವರು ಅಳೆದಿರ್ಲಿಕ್ಕಿಲ್ಲ.

ಮತ್ತೆ ಕ್ರಿಕೆಟ್. ಬೇಸ್‌ಬಾಲ್ ಮಾಡಿದ್ರಿ, ಗಾಲ್ಫ್ ಮಾಡಿದ್ರಿ, ಜಪಾನಿನ ಚಂಬಾರ ಕತ್ತಿವರಸೆಯೂ ಬಂತು, ಇಷ್ಟು ಜನ ಆಡುವ ಕ್ರಿಕೆಟ್ ನಿಮ್ಮ ಡಬ್ಬಕ್ಕೆ ಹಿಡಿಯುವುದಿಲ್ಲ. ಕಷ್ಟ ಅಂತೀರಾ, ನಾನು ದಾರಿ ಹೇಳ್ತೇನೆ. ನಮ್ಮ ಕರಾವಳಿಯಲ್ಲಿ ಅಂಡರ್‌ಆರ್ಮ್ ಕ್ರಿಕೆಟ್ ಅಂತ ಉಂಟು, ಸಣ್ಣ ಮೈದಾನ, ಕೈ ಕೆಳಗಿಂದ ಬಾಲ್ ಹಾಕುವುದು, ಟೂರ್ನಮೆಂಟ್ ಬ್ಯಾನರ್ ಇಲ್ಲದ ಜಂಕ್ಷನ್ ಇಲ್ಲ. ಕೆಳಗಿಂದ ಕೈ ಬೀಸಿ ಬಾಲ್ ಬಿಡುವುದು ನಿಮ್ಮ ಬೌಲಿಂಗಿನಲ್ಲಿ ಆಗಲೇ ಸರಿ ಉಂಟು, ಅಮ್ಮನೇ ಸಾಕ್ಷಿ. ಬ್ಯಾಟ್ ಬೀಸುವುದು ಬೇಸ್‌ಬಾಲಿನಲ್ಲಿ ಉಂಟು. ಎರಡನ್ನೂ ಸೇರಿಸಿದ್ರೆ ಆಯ್ತಲ್ಲ, ಬಾಕಿ ಎಂತ, ಎರಡು ವಿಕೆಟ್ ನೆಟ್ರೆ ಮುಗೀತು. ನಾನೇನು ಕಂಬಳದ ಕೋಣ ಓಡಿಸುವ ಗೇಮ್ ಮಾಡಿಕೊಡಿ ಅಂತ ಕೇಳ್ತಿಲ್ಲ, ಆದ್ರೆ ಮಾಡಿದ್ರೆ ಬೇಡ ಅನ್ನುವುದಿಲ್ಲ.

ಕಾಲಿಗೆ ಕಟ್ಟುವ ಪಟ್ಟಿ ಒಂದು ಕೊಟ್ಟಿದ್ರಿ ಫುಟ್‌ಬಾಲಿಗೆ, ಅದು ಒದೆಯುವುದಕ್ಕೆ ಒಂದೇ ಕಡೆ ಕೆಲಸಕ್ಕೆ ಬರುವುದು, ಉಳಿದ ಮ್ಯಾಚ್ ಎಲ್ಲ ಕೈಯಲ್ಲೇ ಫುಟ್‌ಬಾಲ್. ಆ ಪಟ್ಟಿಯಲ್ಲಿ ಅಮ್ಮ ಈಗ ಒದ್ದೆ ಕೊಡೆ ಸುತ್ತಿ ಕಟ್ಟಿಡುವುದು, ಗಟ್ಟಿ ಉಂಟು, ಆ ಬಗ್ಗೆ ದೂರಿಲ್ಲ.

ಇನ್ನೂ ಬರೀತಿದ್ದೆ, ಅಷ್ಟರಲ್ಲಿ ನಾಳೆಯೂ ಶಾಲೆಗೆ ರಜೆ ಅಂತ ಮೆಸೇಜ್ ಬಂತು. ಒಳಗೆ ಮಕ್ಕಳ ಬೊಬ್ಬೆ ಶುರು, "ಚಿಕ್ಕಮ್ಮ, ಟಿವಿ ಹಾಕಿ" ಅಂತ ಕರೀತಿದ್ದಾರೆ. ಹೋಗಿ ಫ್ಯಾನ್ ಆಫ್ ಮಾಡ್ಲಿಕ್ಕೆ ಉಂಟು.

ಇಂತಿ,
ಎಡಗೈಯ ಒಬ್ಬಳು ಶಟಲ್ ಆಟಗಾರ್ತಿ, ಸಂತೆಕಟ್ಟೆ, ಉಡುಪಿ